ಎಲ್ಲಾ ದೇವರ ಚಿತ್ತ ಅಂದ್ರೆ ಅದೂ ಹಣೆಬರಹವೇ ಅಲ್ವಾ?

ದೇವರ ಕೈಮೀರಿ ಏನೂ ನಡೆಯಲ್ಲ ಅಂತ ಕ್ರೈಸ್ತರು ನಂಬುತ್ತಾರೆ. ಹಾಗಾದರೆ ಅದಕ್ಕೂ ಹಣೆಬರಹಕ್ಕೂ ಏನು ವ್ಯತ್ಯಾಸ, ಪ್ರಾರ್ಥನೆ ಯಾಕೆ, ತಪ್ಪು ಮಾಡಿದವರನ್ನು ದೂರುವುದು ಯಾಕೆ ಅಂತ ಕೇಳಿದ್ದೀರಿ. ನಾನು ಗದಗ-ಬೆಟಗೇರಿಯವನು. 1841ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆ ಕಾಲಿಟ್ಟ ಊರು ನಮ್ಮದು. ದೇವಶಾಸ್ತ್ರ ಓದಿದವನಲ್ಲ, ಚರ್ಚಿನ ಬೆಂಚಿನ ಮೇಲೆ ಕೂತು ತಿಳಿದುಕೊಂಡಷ್ಟು ಹೇಳುತ್ತೇನೆ.

ಹಣೆಬರಹದ ಜೊತೆ ಜಗಳ ಆಡೋಕೆ ಆಗಲ್ಲ. ಬರೆದದ್ದು ಬರೆದಾಯ್ತು, ಅಷ್ಟೇ. ಬೈಬಲಿನಲ್ಲಿ ಜನ ದೇವರ ಜೊತೆ ಜಗಳ ಆಡುತ್ತಾರೆ, ಅದೂ ಜೋರಾಗಿ. ಬೈಬಲಿನ ಹಾಡುಗಳಾದ 150 ಕೀರ್ತನೆಗಳಲ್ಲಿ ಎಷ್ಟೋ ದೂರುಗಳೇ. ಎಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ, ಯಾಕೆ ದೂರ ನಿಂತಿದ್ದೀ ಅಂತ. ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡ ಯೋಬನಂತೂ ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ದೇವರು ಅವನಿಗೆ ಚೆನ್ನಾಗೇ ಪಾಠ ಹೇಳುತ್ತಾನೆ, ನಿಜ. ಆದರೆ ಕೊನೆಗೆ ಸಿಟ್ಟಾಗುವುದು ದೇವರ ಪರ ವಕಾಲತ್ತು ಮಾಡಿದ ಮೂವರು ಗೆಳೆಯರ ಮೇಲೆ! ಅಧಿಕಾರ ಇರುವವನ ಹತ್ತಿರವೇ ತಾನೆ ನಾವು ದೂರು ಒಯ್ಯುವುದು?

ನಮ್ಮ ಕಡೆ ಬೆಳೆ ಹಬ್ಬಕ್ಕೆ ರೈತರು ಫಸಲು ತಂದು ಚರ್ಚಿನಲ್ಲಿ ಇಡುತ್ತಾರೆ, ಆರಾಧನೆ ಮುಗಿದ ಮೇಲೆ ಅದರ ಲಿಲಾವು, ಅಂದ್ರೆ ಹರಾಜು. 2023ರ ಬರದ ವರ್ಷ ಒಬ್ಬ ಹಿರಿಯರು ಒಂದು ಬುಟ್ಟಿ ಗೋವಿನಜೋಳದ ತೆನೆ ತಂದಿದ್ದರು. ಸಿಪ್ಪೆ ಸುಲಿದರೆ ಅರ್ಧಕ್ಕರ್ಧ ಕಾಳೇ ಇಲ್ಲ. ಪ್ರಾರ್ಥನೆಗೆ ಎದ್ದು ನಿಂತು, ‘ಸ್ವಾಮಿ, ಮಳಿ ನಿನ್ನ ಕೈಯಾಗ ಐತಿ ಅಂತ ನನಗ ಗೊತ್ತೈತಿ. ಅದಕ್ಕ ನಿನ್ನ ಕೇಳಾಕತ್ತೇನಿ. ಯಾಕ ಹಿಂಗ ಮಾಡಿದಿ?’ ಅಂದರು. ಆಮೆನ್ ಹೇಳಿ ಕೂತರು. ಸಭಾಪಾಲಕರು (ಪಾದ್ರಿ) ತಿದ್ದಲಿಲ್ಲ. ಮಳೆ-ಬರ, ಕಾಯಿಲೆ-ಆರೋಗ್ಯ ಎಲ್ಲ ತಂದೆಯ ಕೈಯಿಂದಲೇ ಬರುತ್ತದೆ ಅಂತ ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರದಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಹೇಳುತ್ತದೆ. ಆ ಹಿರಿಯರು ಅದನ್ನು ಓದಿರಲಿಕ್ಕಿಲ್ಲ. ಅವರು ನಂಬಿದ್ದು ಮಾತ್ರ ಅದನ್ನೇ, ನಂಬಿದ್ದಕ್ಕೇ ಕೇಳಿದರು. ನಂಬದವನು ಹವಾಮಾನ ಇಲಾಖೆಯನ್ನು ಬಯ್ಯುತ್ತಿದ್ದ.

ಇನ್ನು ತಪ್ಪಿನ ಪ್ರಶ್ನೆ. ಇದು ಕಷ್ಟದ್ದು. ಯೋಸೇಫನ ಕಥೆ ಗೊತ್ತಿರಬಹುದು. ಅಣ್ಣಂದಿರು ಹೊಟ್ಟೆಕಿಚ್ಚಿಗೆ ಅವನನ್ನು ಬಾವಿಗೆ ಹಾಕಿ, ಆಮೇಲೆ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಅವನು ಐಗುಪ್ತದಲ್ಲಿ (ಈಜಿಪ್ಟ್) ಗುಲಾಮನಾದ, ಜೈಲಿಗೆ ಹೋದ, ಕಡೆಗೆ ಮಂತ್ರಿಯಾದ. ಬರ ಬಿದ್ದಾಗ ಅದೇ ಅಣ್ಣಂದಿರಿಗೆ ಕಾಳು ಕೊಟ್ಟ. ಆಮೇಲೆ ಅವರಿಗೆ ಹೇಳುತ್ತಾನೆ: ನೀವು ನನಗೆ ಕೇಡು ಬಗೆದಿರಿ, ದೇವರು ಅದರಿಂದಲೇ ಒಳ್ಳೆಯದನ್ನು ತಂದ. ಅಣ್ಣಂದಿರ ಕೇಡು ಕೇಡಾಗಿಯೇ ಉಳಿಯಿತು, ದೇವರ ಕೆಲಸವೂ ನಡೆಯಿತು. ಯೇಸುವಿನ ಶಿಲುಬೆಯ ಬಗ್ಗೆಯೂ ಅವನ ಶಿಷ್ಯ ಪೇತ್ರ ಹೀಗೇ ಹೇಳುತ್ತಾನೆ. ಅದು ದೇವರ ಸಂಕಲ್ಪ, ಆದರೂ ಕೊಂದವರು ಅಪರಾಧಿಗಳೇ. ಇವೆರಡೂ ಹೇಗೆ ಕೂಡುತ್ತವೆ ಅಂತ ಲೆಕ್ಕ ಬಿಡಿಸಿ ತೋರಿಸೋಕೆ ನನ್ನಿಂದ ಆಗಲ್ಲ. ಬೈಬಲೂ ಬಿಡಿಸಲು ಹೋಗಿಲ್ಲ.

ಆದರೆ ಒಂದು ಗಮನಿಸಿ. ಆ ಮಾತು ಹೇಳಿದವನು ಯೋಸೇಫ, ಬಾವಿಗೆ ಬಿದ್ದವನು. ಅದನ್ನೇ ಅಣ್ಣಂದಿರು ಹೇಳಿದ್ದರೆ? ‘ತಮ್ಮಾ, ನಾವು ಮಾರಿದ್ದಕ್ಕೇ ನೀನು ಮಂತ್ರಿ ಆದಿ’ ಅಂದಿದ್ದರೆ ಮುಖಕ್ಕೆ ಹೊಡೆಯಬೇಕು ಅನಿಸಲ್ವಾ?

ಹುಬ್ಬಳ್ಳಿಯಲ್ಲಿ ಒಂದು ಸಾವಿನ ಮನೆಗೆ ಹೋಗಿದ್ದೆ. ರಸ್ತೆ ಗುಂಡಿ ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದು ಹೋದ ಹುಡುಗ. ಬಂದವರೊಬ್ಬರು ಸಮಾಧಾನ ಮಾಡಲು ‘ದೇವರ ಚಿತ್ತ, ಅಕ್ಕಾ’ ಅಂದರು. ತಾಯಿ ತಲೆ ಎತ್ತಿ, ‘ಗುಂಡಿ ಮುಚ್ಚದ ಬಿಟ್ಟಿದ್ದೂ ದೇವರ ಚಿತ್ತನ ಏನು?’ ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಕೇಳಿದ್ದು ನ್ಯಾಯವೇ. ನಾವು ದಿನಾ ‘ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ’ ಅಂತ ಪ್ರಾರ್ಥಿಸುತ್ತೇವೆ. ನಡೆಯುವುದೆಲ್ಲ ದೇವರಿಗೆ ಇಷ್ಟವಾದದ್ದೇ ಆಗಿದ್ದರೆ ಹೀಗೆ ಬೇಡುವ ಅಗತ್ಯವೇ ಇರಲಿಲ್ಲ. ಕೆಟ್ಟದ್ದೂ ದೇವರ ಆಳ್ವಿಕೆಯ ಹೊರಗೆ ಹೋಗಲ್ಲ ಅನ್ನುವುದು ಒಂದು. ಕೆಟ್ಟದ್ದೇ ದೇವರಿಗೆ ಬೇಕಾಗಿತ್ತು ಅನ್ನುವುದು ಬೇರೆ. ಸಾವಿನ ಮನೆಯಲ್ಲಿ ಎರಡನೆಯದನ್ನು ಹೇಳುವವರೇ ಜಾಸ್ತಿ. ಗುತ್ತಿಗೆದಾರನಿಗೆ ಇದಕ್ಕಿಂತ ಒಳ್ಳೆ ವಕೀಲ ಸಿಗಲ್ಲ ಬಿಡಿ.

ಪ್ರಾರ್ಥನೆ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ ಅನಿಸುತ್ತದೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೊದಲು ಈ ಪಾತ್ರೆ, ಅಂದ್ರೆ ಈ ಸಂಕಟ, ನನ್ನಿಂದ ತೊಲಗಲಿ ಅಂತ ಕೇಳಿಕೊಂಡ. ನಿನ್ನ ಚಿತ್ತದಂತೆ ಆಗಲಿ ಅಂದದ್ದು ಆಮೇಲೆ. ನಮ್ಮಲ್ಲಿ ಬಹಳ ಜನ ಮೊದಲನೆಯದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹಾರುತ್ತಾರೆ, ಅದೇ ಭಕ್ತಿ ಅಂದುಕೊಂಡು.

ಮನುಷ್ಯನಿಗೆ ಎಷ್ಟು ಸ್ವಾತಂತ್ರ್ಯ ಅನ್ನುವುದರ ಮೇಲೆ ಕ್ರೈಸ್ತರಲ್ಲೇ ಹಳೇ ಜಗಳ ಇದೆ. ರಕ್ಷಣೆ ದೇವರ ಆಯ್ಕೆಯೇ ಅನ್ನುವ ಕ್ಯಾಲ್ವಿನ್ ಕಡೆಯವರು, ಮನುಷ್ಯ ಅದನ್ನು ಒಪ್ಪಬಹುದು, ಬೇಡ ಅನ್ನಲೂಬಹುದು ಅನ್ನುವ ಅರ್ಮಿನಿಯಸ್ ಕಡೆಯವರು ಅಂತ. 1618–19ರಲ್ಲಿ ಹಾಲೆಂಡಿನ ಡಾರ್ಟ್‌ನಲ್ಲಿ ತಿಂಗಳುಗಟ್ಟಲೆ ಸಭೆ ಸೇರಿ ಚರ್ಚಿಸಿದರು, ಇನ್ನೂ ಮುಗಿದಿಲ್ಲ. ದೇವರು ಆಳುತ್ತಾನೆ ಅನ್ನುವುದರಲ್ಲಿ ಎರಡೂ ಕಡೆಯವರು ಒಪ್ಪುತ್ತಾರೆ. ನೀವು ಅಲ್ಲಿಂದ ಶುರು ಮಾಡಬೇಡಿ. ಮೊದಲು ಯೋಸೇಫನ ಕಥೆ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 37ರಿಂದ 50ನೇ ಅಧ್ಯಾಯದವರೆಗೆ ಓದಿ. ಆಮೇಲೆ ದೇವರಿಗೇ ದೂರು ಹೇಳಿದ ಪ್ರವಾದಿ ಹಬಕ್ಕೂಕನ ಪುಸ್ತಕ. ಮೂರೇ ಅಧ್ಯಾಯ, ಚಹಾ ಆರುವುದರೊಳಗೆ ಮುಗಿಯುತ್ತದೆ. ರೋಮಾಪುರದವರಿಗೆ ಪೌಲ ಬರೆದ ಪತ್ರದಲ್ಲಿ ದೇವರ ಆಯ್ಕೆಯ ಬಗ್ಗೆ ಇರುವ 9ನೇ ಅಧ್ಯಾಯ ಓದುವುದಾದರೆ 8ರಿಂದ 11ರವರೆಗೆ ಒಟ್ಟಿಗೇ ಓದಿ. ಅದೊಂದನ್ನೇ ಕಿತ್ತು ಓದಿದವರು ಸುಮ್ನೆ ವಾದಕ್ಕೆ ಬೀಳುತ್ತಾರೆ.