ಫ್ರೆಂಚ್ ಆಫೀಸಿನಲ್ಲಿ ಎಲ್ಲರಿಗೂ 'ವೂ' ಅಂದರೆ ಸಾಕಾ?

"ಫ್ರೆಂಚ್ ಬಿ2 ಮಟ್ಟದ ಪರೀಕ್ಷೆ ಪಾಸಾಗಿದೆ. ಎರಡು ತಿಂಗಳಲ್ಲಿ ಫ್ರಾನ್ಸ್‌ನಲ್ಲಿ ಕೆಲಸಕ್ಕೆ ಸೇರಬೇಕು. ಎಲ್ಲರಿಗೂ 'ವೂ' (ನೀವು) ಹಾಕಿ ಮಾತಾಡಿದರೆ ಮರ್ಯಾದೆಗೆ ಸಾಕಾ?" ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಹಾಗೆ ನೋಡಿದರೆ 'ವೂ' ನಮಗೆ ಕಷ್ಟವೇ ಅಲ್ಲ. ನೀನು, ನೀವು ಎರಡೂ ಮಾತು ಕಲಿತಾಗಿನಿಂದ ನಮ್ಮ ಕಿವಿಯಲ್ಲಿವೆ. ನಾವು ಎಡವುವುದು ಬೇರೆ ಕಡೆ.

ನಾನು ತುಲೂಜ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಸೇರಿದ ಮೊದಲ ವಾರ ಪಕ್ಕದ ಟೀಮಿನ ಒಬ್ಬರ ಹತ್ತಿರ ಹೋಗಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಫ್ರೆಂಚ್‌ನಲ್ಲಿ, ಸರ್ವರ್ ಯಾಕೆ ನಿಂತಿದೆ ಎಂದು ಕೇಳಿದೆ. ಅವರು ತಲೆಯೆತ್ತಿ "ಬೊಂಜೂರ್", ಅಂದರೆ ನಮಸ್ಕಾರ, ಅಂದರು. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಜೋರಾಗಿ ಕೇಳಿದೆ. ಮತ್ತೆ ಅದೇ "ಬೊಂಜೂರ್". ಆಗ ನನ್ನ ತಲೆಗೆ ಹೋಯಿತು. ನಮ್ಮಲ್ಲಿ ಮುಖ ನೋಡಿ ಸ್ವಲ್ಪ ನಕ್ಕರೆ ಅದೇ ನಮಸ್ಕಾರ, ಆಮೇಲೆ ಸೀದಾ ವಿಷಯಕ್ಕೆ ಬರುತ್ತೇವೆ. ಇಲ್ಲಿ ಬೊಂಜೂರ್ ಇಲ್ಲದೆ ಪ್ರಶ್ನೆ ಕೇಳುವುದು ಅಂದರೆ ಚಪ್ಪಲಿ ಹಾಕಿಕೊಂಡೇ ಮನೆಯೊಳಗೆ ಬಂದ ಹಾಗೆ. ಬಸ್ ಹತ್ತುವಾಗ ಡ್ರೈವರಿಗೆ, ಬೇಕರಿಯಲ್ಲಿ, ಲಿಫ್ಟಿನಲ್ಲಿ, ಎಲ್ಲ ಕಡೆ ಬೊಂಜೂರ್ ಹೇಳಬೇಕು. ಆದರೆ ಒಬ್ಬರಿಗೆ ದಿನಕ್ಕೆ ಒಂದೇ ಸಲ. ಮಧ್ಯಾಹ್ನ ಅವರೇ ಮತ್ತೆ ಸಿಕ್ಕಿ ಇನ್ನೊಮ್ಮೆ ಬೊಂಜೂರ್ ಅಂದರೆ, ಬೆಳಿಗ್ಗೆ ನೋಡಿದ್ದನ್ನೇ ಮರೆತಿರಾ ಎನ್ನುವ ಹಾಗಾಗುತ್ತದೆ. ಆಗ 'ರಬೊಂಜೂರ್' ಅನ್ನುತ್ತಾರೆ, ಸಲುಗೆ ಇದ್ದರೆ ಬರೀ 'ರ'.

ಎರಡನೆಯ ಗುಂಡಿ ನಮ್ಮ ಕನ್ನಡವೇ ತೋಡಿದ್ದು. ನಾವು "ಇದನ್ನ ಸ್ವಲ್ಪ ನೋಡಿ" ಅಂದರೆ ಮರ್ಯಾದೆ ಪೂರ್ತಿ ಬಂತು. 'ನೋಡಿ'ಯ ಕೊನೆಯ 'ಇ' ಅರ್ಧ ಕೆಲಸ ಮಾಡುತ್ತದೆ, 'ಸ್ವಲ್ಪ' ಇನ್ನರ್ಧ. ನಾನೂ ಅದೇ ಲೆಕ್ಕದಲ್ಲಿ "ರಗಾರ್ದೇ" ಅನ್ನುತ್ತಿದ್ದೆ. 'ವೂ' ರೂಪ ತಾನೇ, ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ಫ್ರೆಂಚ್ ಕಿವಿಗೆ ಅದು ಬರೀ ಆಜ್ಞೆ. ನಮ್ಮ 'ಸ್ವಲ್ಪ' ಮಾಡುವ ಕೆಲಸವನ್ನು ಅಲ್ಲಿ ಕ್ರಿಯಾಪದದ ಕಂಡಿಷನಲ್ ರೂಪ ಮಾಡುತ್ತದೆ. ನೋಡಲು ಆಗುತ್ತಿತ್ತೇ ಎಂಬ ಧಾಟಿಯಲ್ಲಿ "ಪುರಿಯೇ ವೂ ರಗಾರ್ದೇ" ಅನ್ನಬೇಕು. ಐದು ನಿಮಿಷ ಬೇಕಿದ್ದರೆ "ಓರಿಯೇ ವೂ ಸಾಂಕ್ ಮಿನ್ಯುತ್". 'ಜ ವೋ', ಅಂದರೆ ನನಗೆ ಬೇಕು, ಎನ್ನುವುದನ್ನು ಮರೆತೇ ಬಿಡಿ. 'ಜ ವುದ್ರೇ', ಅಂದರೆ ನನಗೆ ಬೇಕಿತ್ತು, ಅನ್ನಿ. ಪರೀಕ್ಷೆಗೆಂದು ಕಂಡಿಷನಲ್ ಓದಿದ್ದೀರಿ, ಅಲ್ವಾ? ಅದು ನಿಜಕ್ಕೂ ಬೇಕಾಗುವುದು ಇಲ್ಲಿ.

ಇನ್ನು 'ತು', ಅಂದರೆ ನೀನು. ಸೇರಿದ ದಿನವೇ ನಮ್ಮ ಮ್ಯಾನೇಜರ್ "ಓಂ ಸ ತುತ್ವಾ?" ಅಂದರು. ನಾವು 'ತು' ಅಂತಲೇ ಮಾತಾಡೋಣವಾ, ಎಂದು ಅರ್ಥ. ಹಾಗೆ ಮೊದಲು ಕೇಳುವುದು ಹಿರಿಯರು ಅಥವಾ ಮೇಲಿನವರ ಹಕ್ಕು, ನೀವಾಗಿ ಶುರು ಮಾಡಬೇಡಿ. ಸಾಫ್ಟ್‌ವೇರ್ ಕಡೆ ಮೊದಲ ದಿನವೇ 'ತು' ಇರುವುದು ಮಾಮೂಲು. ನಾನು 'ಸಾರ್, ಸಾರ್' ಎಂದು ಬೆಳೆದವನು, ಬಾಸಿಗೆ 'ನೀನು' ಅನ್ನುವುದು ಹೇಗೆ? ಒಂದು ತಿಂಗಳು 'ವೂ' ಎಂದೇ ಎಳೆದೆ. ಕೊನೆಗೆ ಅವರೇ ನನ್ನಿಂದ ಏನಾದರೂ ಬೇಸರವಾಗಿದೆಯಾ ಎಂದು ಕೇಳಿದರು. ಕುಲುಕಲು ಕೈ ಚಾಚಿದಾಗ ಹಿಂದೆ ಸರಿದ ಹಾಗಿತ್ತು ನನ್ನ ಮರ್ಯಾದೆ. ಹೊರಗಿನ ಗ್ರಾಹಕರಿಗೆ ಮಾತ್ರ 'ವೂ' ಬಿಡಬೇಡಿ. ಒಂದೇ ಮೀಟಿಂಗ್‌ನಲ್ಲಿ ಬಾಸಿಗೆ 'ತು', ಗ್ರಾಹಕರಿಗೆ 'ವೂ' ಎಂದು ಹೊರಳಬೇಕಾಗುತ್ತದೆ. ಅದಕ್ಕೆ ಅಭ್ಯಾಸವೇ ಆಗಬೇಕು.

ಮೇಲ್ ಬರೆಯುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಶುರುವಿಗೆ ಹೆಂಗಸರಿಗೆ 'ಬೊಂಜೂರ್ ಮದಾಮ್', ಗಂಡಸರಿಗೆ 'ಬೊಂಜೂರ್ ಮಸ್ಯೂ', ಕೊನೆಗೆ 'ಕೊರ್ದಿಯಾಲ್ಮಾಂ' (ಆದರದಿಂದ). ನೂರಕ್ಕೆ ತೊಂಬತ್ತು ಮೇಲ್ ಇಷ್ಟರಲ್ಲೇ ಮುಗಿಯುತ್ತವೆ. ಮದುವೆಯಾಗದ ಹುಡುಗಿ ಎಂದು 'ಮದ್‌ಮುವಾಜೆಲ್' ಬರೆಯಬೇಡಿ. 2012ರಲ್ಲಿ ಸರ್ಕಾರಿ ಫಾರಂಗಳಿಂದಲೇ ಅದನ್ನು ತೆಗೆದರು. ಕೆಲಸಕ್ಕೆ ಅರ್ಜಿ, ರಾಜೀನಾಮೆ ಇಂಥ ಪತ್ರಗಳಿಗೆ ಮಾತ್ರ ಆ ಉದ್ದನೆಯ ಸಾಲು ಬೇಕು: "ಜ ವೂ ಪ್ರೀ ದಾಗ್ರೆಯೇ, ಮದಾಮ್, ಮೆ ಸಲ್ಯುತಾಸ್ಯೋಂ ದಿಸ್ತಾಂಗೇ." ಅರ್ಥ ಹುಡುಕಲು ಹೋಗಬೇಡಿ, ನಮ್ಮ ಹಳೆಯ ಕಾಗದಗಳ 'ಕ್ಷೇಮ, ಕ್ಷೇಮಕ್ಕೆ ಕಾಗದ ಬರೆಯಿರಿ' ಇದ್ದ ಹಾಗೆ. ಮೇಲೆ ಮದಾಮ್ ಎಂದಿದ್ದರೆ ಕೆಳಗೂ ಮದಾಮ್ ಇರಲಿ, ಅಷ್ಟೇ.

ರಾತ್ರಿ ಹತ್ತಕ್ಕೆ ಮೇಲ್ ಕಳಿಸಿ ಉತ್ತರ ಕಾಯಬೇಡಿ. ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್ ನೋಡದೆ ಇರುವ ಹಕ್ಕು 2017ರಿಂದ ಇಲ್ಲಿನ ಕಾನೂನಿನಲ್ಲೇ ಇದೆ.

ಹೆಸರಿನ ವಿಷಯ ಮೊದಲೇ ಸರಿ ಮಾಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಇನಿಶಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ. ನಮ್ಮ ಎಚ್‌ಆರ್ ಮೂರು ವಾರ ಮಸ್ಯೂ ಮಸ್ಯೂ ಎಂದು ಕರೆದದ್ದು ನಮ್ಮಪ್ಪನನ್ನು!

ಮೀಟಿಂಗ್‌ನಲ್ಲಿ ನೀವು ಹೇಳಿದ್ದನ್ನು ಯಾರಾದರೂ ಎಲ್ಲರ ಮುಂದೆ "ನನಗೆ ಒಪ್ಪಿಗೆ ಇಲ್ಲ" ಅಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಬೊಂಜೂರ್ ಬಿಟ್ಟವರು ಒರಟರು, ಎದುರು ವಾದಿಸಿದವರು ಒರಟರಲ್ಲ. ಅದೇ ಜನ ಮಧ್ಯಾಹ್ನ ನಿಮ್ಮ ಜೊತೆ ಊಟಕ್ಕೆ ಬರುತ್ತಾರೆ. 'ಪಾ ಮಾಲ್' ಅಂದರೆ, ಪದ ಬಿಡಿಸಿದರೆ 'ಕೆಟ್ಟದ್ದಲ್ಲ', ನಿಜಕ್ಕೆ ಅದು ಹೊಗಳಿಕೆ. 'ಪಾ ತೆರೀಬ್ಲ್' ಅಂದರೆ, ಪದ ಬಿಡಿಸಿದರೆ 'ಭಯಂಕರವಲ್ಲ', ನಿಜಕ್ಕೆ ಚೆನ್ನಾಗಿಲ್ಲ ಎಂದು. ಇದನ್ನು ನಾನು ಉಲ್ಟಾ ತಿಳಿದು ಒಂದು ರಿಪೋರ್ಟನ್ನು ಹಾಗೇ ಬಿಟ್ಟಿದ್ದೆ.

ಊಟಕ್ಕೆ ಕರೆದರೆ ತಪ್ಪದೆ ಹೋಗಿ. ಡಬ್ಬಿ ತೆಗೆದು ಕಂಪ್ಯೂಟರ್ ಮುಂದೆ ಕೂತರೆ ಸೇರದವನು ಎಂದುಕೊಳ್ಳುತ್ತಾರೆ. ಅಲ್ಲಿ ಯಾರಾದರೂ ಏನನ್ನಾದರೂ ಬೇಕಾ ಎಂದು ಕೇಳಿದಾಗ ಬರೀ 'ಮೆರ್ಸಿ' (ಥ್ಯಾಂಕ್ಸ್) ಅನ್ನಬೇಡಿ, ಎಷ್ಟೋ ಸಲ ಅದು 'ಬೇಡ' ಎಂದಾಗುತ್ತದೆ. ಬೇಕಿದ್ದರೆ 'ವೊಲೊಂತಿಯೇ' (ಖುಷಿಯಿಂದ) ಅನ್ನಿ. ನಾನು ಮೊದಲ ಸಲ ಬಾಯಿ ತುಂಬ ಮೆರ್ಸಿ ಅಂದೆ. ಚಾಕಲೇಟ್ ಕೇಕಿನ ತಟ್ಟೆ ನನ್ನ ಮೂಗಿನ ಕೆಳಗೆ ಹಾದು ಪಕ್ಕದವರ ಹತ್ತಿರ ಹೋಯಿತು.