ಭೋಸರಿಯ ಶೆಡ್ಡಿನ ವೆಲ್ಡಿಂಗ್ ಯಂತ್ರಕ್ಕೆ ಎಷ್ಟು ದಪ್ಪದ ತಂತಿ

ಪುಣೆ ಬಳಿಯ ಭೋಸರಿಯ ನಿಮ್ಮ ಮನೆಯ ಮೀಟರ್ ಬೋರ್ಡಿನಿಂದ 25 ಮೀಟರ್ ದೂರದ ಶೆಡ್ಡಿನಲ್ಲಿರುವ 200 ಆಂಪಿಯರ್‌ನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಯಂತ್ರಕ್ಕೆ 2.5 ಚದರ ಮಿ.ಮೀ. ತಾಮ್ರದ ತಂತಿ ಸಾಕೇ ಎಂದು ಕೇಳಿದ್ದೀರಿ. ಸಾಲದು, 6 ಚದರ ಮಿ.ಮೀ. ಹಾಕಿಸಿ.

200 ಆಂಪಿಯರ್ ಎಂಬುದು ಎಲೆಕ್ಟ್ರೋಡಿಗೆ, ಅಂದರೆ ವೆಲ್ಡಿಂಗ್ ರಾಡಿಗೆ, ಹೋಗುವ ವಿದ್ಯುತ್ತೇ ಹೊರತು ಬೋರ್ಡಿನಿಂದ ಎಳೆಯುವುದಲ್ಲ. ಆರ್ಕ್‌ನ (ರಾಡಿನ ತುದಿಯಲ್ಲಿ ಉರಿಯುವ ಕಿಡಿಯ) ವೋಲ್ಟೇಜ್ ಸುಮಾರು 28 ಇರುವುದರಿಂದ, ಯಂತ್ರದ ದಕ್ಷತೆ ಮತ್ತು ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು)ಗಳನ್ನು ಲೆಕ್ಕಕ್ಕೆ ಹಿಡಿದರೆ, 230 ವೋಲ್ಟಿನಲ್ಲಿ ಅದು ಗರಿಷ್ಠ 40 ಆಂಪಿಯರ್ ಆಸುಪಾಸು ಎಳೆಯುತ್ತದೆ, 3.15 ಮಿ.ಮೀ. ರಾಡಿನಲ್ಲಿ 120 ಆಂಪಿಯರ್‌ಗೆ ಇಟ್ಟು ಗೇಟು, ಗ್ರಿಲ್ಲು ಮಾಡುವವರಿಗೆ 22ರಷ್ಟೇ ಬರುತ್ತದೆ. ನಿಖರ ಅಂಕಿ ಯಂತ್ರದ ನಾಮಫಲಕದಲ್ಲಿರುತ್ತದೆ, ಅಂಗಡಿಯವನ ಮಾತಿಗಿಂತ ಅದನ್ನೇ ನಂಬಿ. ಪೂರ್ಣ ಹೊರೆಯಲ್ಲಿ 2.5ರ ತಂತಿ ಬಿಸಿಯಾಗುವುದಲ್ಲದೆ 18 ವೋಲ್ಟಿನಷ್ಟು ನುಂಗುತ್ತದೆ; 6ರದ್ದರಲ್ಲಿ ಆ ನಷ್ಟ ಏಳೆಂಟು ವೋಲ್ಟಿಗೆ ಇಳಿಯುತ್ತದೆ.

ಗರಿಷ್ಠ ಹೊರೆ ಬಿಟ್ಟು ಬಿಟ್ಟು ಮಾತ್ರ ಬರುವುದರಿಂದ ಇದಕ್ಕೆ 32 ಆಂಪಿಯರ್‌ನ ಸಿ ಕರ್ವ್ ಎಂಸಿಬಿ (ಹೊರೆ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್; ‘ಸಿ ಕರ್ವ್’ ಬಗೆಯದು ಆರಂಭದ ಕ್ಷಣಿಕ ಏರಿಕೆಯನ್ನು ತಾಳುತ್ತದೆ), ಅಷ್ಟೇ ಸಾಮರ್ಥ್ಯದ ಇಂಡಸ್ಟ್ರಿಯಲ್ ಸಾಕೆಟ್, ಫೇಸ್‌ನಷ್ಟೇ ದಪ್ಪದ ಅರ್ತ್ ತಂತಿ ಇರಲಿ. 16 ಆಂಪಿಯರ್‌ನ ಮನೆಯ ಪ್ಲಗ್ಗು ಬೇಡವೇ ಬೇಡ. ನಿಮ್ಮ ಮಹಾವಿತರಣ (ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿ) ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿಕೊಂಡು, ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಕೈಯಲ್ಲಿ ಕೆಲಸ ಮಾಡಿಸಿ.