ಕನ್ನಡ ಕಡತಕ್ಕೆ ಹ್ಯಾಶ್ ಟೇಬಲ್ ಬಿಟ್ಟು ಬೈನರಿ ಟ್ರೀ ಬಳಸಬೇಕೆ?
ರಾಯಚೂರು ಸೀಮೆಯ ದಾಸರ ಪದಗಳನ್ನು ಟೈಪ್ ಮಾಡಿಟ್ಟುಕೊಂಡು, ಅವನ್ನು ಕುಗ್ಗಿಸಲು ಎಲ್‌ಜೆಡ್77 (ಹಿಂದೆ ಬಂದ ತುಣುಕು ಮರಳಿದರೆ ಅದು ಎಲ್ಲಿತ್ತೆಂದಷ್ಟೇ ಬರೆಯುವ ವಿಧಾನ) ಮತ್ತು ಹಫ್‌ಮನ್ (ಹೆಚ್ಚು ಸಲ ಬರುವ ಸಂಕೇತಕ್ಕೆ ಚಿಕ್ಕ ಕೋಡ್ ಕೊಡುವ ವಿಧಾನ) ಸೇರಿಸಿ ಪ್ರೋಗ್ರಾಂ ಬರೆಯುತ್ತಿದ್ದೀರಿ. ಇಂಗ್ಲಿಷ್ ಕಡತದ ಮೇಲೆ ಚುರುಕಾಗಿ ಓಡುವುದು ಕನ್ನಡಕ್ಕೆ ಬಂದರೆ ತೆವಳುತ್ತದೆ, ಹಿಂದಿನ ತುಣುಕುಗಳನ್ನು ಹುಡುಕಿಕೊಡುವ ಹ್ಯಾಶ್ ಟೇಬಲ್ ಬಿಟ್ಟು ಬೈನರಿ ಟ್ರೀ ಬಳಸಲೇ ಎಂದು ಕೇಳಿದ್ದೀರಿ. ಬಿಡಬೇಡಿ. ದೋಷವಿರುವುದು ಹ್ಯಾಶ್ ಟೇಬಲ್‌ನಲ್ಲಲ್ಲ, ನೀವು ಅದಕ್ಕೆ ಕೊಟ್ಟ ಕೀಯಲ್ಲಿ, ಅಂದರೆ ಹುಡುಕಲು ಬಳಸುವ ಬೈಟ್‌ಗಳಲ್ಲಿ.

ಕಡತ ಕುಗ್ಗಿಸುವ ಜಿಜಿಪ್ ಪ್ರೋಗ್ರಾಂನಂತೆ ನೀವೂ ಮೂರು ಬೈಟ್‌ಗಳ ಕೀ ಇಟ್ಟಿದ್ದೀರಿ. ಇಂಗ್ಲಿಷಿನಲ್ಲಿ ಅದು ಮೂರು ಅಕ್ಷರ. ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ತಿನ್ನುತ್ತದೆ: ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. 'ರಾಯಚೂರು' ಕಣ್ಣಿಗೆ ನಾಲ್ಕೇ ಅಕ್ಷರ. ಕಡತದೊಳಗೆ ಕಾಗುಣಿತದ ಚಿಹ್ನೆಗಳೂ ಸೇರಿ 7 ಸಂಕೇತ, 21 ಬೈಟ್. ಹೀಗಾಗಿ ನಿಮ್ಮ ಕೀ ಹಿಡಿಯುವುದು ಒಂದೇ ಸಂಕೇತವನ್ನು. ಕಿಟಕಿಯೊಳಗಿನ (ಹಿಂದಕ್ಕೆ ಹುಡುಕುವ ವ್ಯಾಪ್ತಿಯೊಳಗಿನ) 'ರ'ಗಳೆಲ್ಲ ಒಂದೇ ಸರಪಳಿಗೆ (ಒಂದೇ ಕೀ ಇರುವ ಜಾಗಗಳ ಪಟ್ಟಿಗೆ) ಬಂದು ಬೀಳುತ್ತವೆ, ಪ್ರತಿ ಹುಡುಕಾಟದಲ್ಲೂ ಅದನ್ನು ಉದ್ದಕ್ಕೂ ತಡಕಾಡಬೇಕಾಗುತ್ತದೆ. ಒತ್ತಕ್ಷರ ಬೆಸೆಯುವ ಹಲಂತ ಚಿಹ್ನೆಯ ಸರಪಳಿಯ ಉದ್ದವನ್ನು ಒಮ್ಮೆ ಮುದ್ರಿಸಿ ನೋಡಿ, ಕಾರಣ ಕಣ್ಣಿಗೇ ಬೀಳುತ್ತದೆ.

ಪರಿಹಾರ ಸುಲಭ, ನನಗೆ ಬಹಳ ಪ್ರಿಯವಾದದ್ದೂ ಹೌದು. ಯುನಿಕೋಡ್ ಕನ್ನಡಕ್ಕೆ ಮೀಸಲಿಟ್ಟ ಸ್ಥಾನಗಳು 128, ಇಂಗ್ಲಿಷ್ ಅಕ್ಷರ, ಅಂಕಿಗಳಿರುವ ಆಸ್ಕಿಯವೂ 128. ಕೂಡಿಸಿದರೆ 256, ಸರಿಯಾಗಿ ಒಂದು ಬೈಟ್! ಸಂಕೇತಕ್ಕೊಂದೇ ಬೈಟ್ ಬರುವಂತೆ ಕಡತವನ್ನು ಮೊದಲು ಬದಲಿಸಿಕೊಳ್ಳಿ. ಕೀ ಮತ್ತೆ ಮೂರು ಸಂಕೇತ ಹಿಡಿಯುತ್ತದೆ. ಸುಮಾರು 11,000 ಸಂಕೇತ ಹಿಡಿಯುತ್ತಿದ್ದ 32 ಕೆಬಿ ಕಿಟಕಿಯಲ್ಲಿ ಅದರ ಮೂರರಷ್ಟು ಕೂರುತ್ತದೆ. ದಾಸರ ಪದಗಳಿಗೆ ಇದು ದೊಡ್ಡ ಲಾಭ. ಪಲ್ಲವಿಯೇನೋ ಅದೇ ಪದದೊಳಗೆ ಮರಳುತ್ತದೆ, ಅಂಕಿತ ಸಿಗುವುದು ಮಾತ್ರ ಹಿಂದಿನ ಪದದ ಕೊನೆಯಲ್ಲಿ, ಕಿಟಕಿ ಅಲ್ಲಿಯವರೆಗೆ ಚಾಚಬೇಕು.

ಒಂದು ಎಚ್ಚರಿಕೆ: ನುಡಿಯ ಕೊನೆಯ ದಂಡಗಳು ದೇವನಾಗರಿ ವಿಭಾಗದಲ್ಲಿವೆ, 'ಹಫ್‌ಮನ್' ಎಂಬಲ್ಲಿ ಒತ್ತು ಬೀಳದಂತೆ ತಡೆಯುವ ಅದೃಶ್ಯ ಚಿಹ್ನೆಯೂ ಕನ್ನಡ ವಿಭಾಗದ ಹೊರಗಿದೆ. ಆಸ್ಕಿಯಲ್ಲಿ ಬಳಕೆಯಾಗದ ನಿಯಂತ್ರಣ ಸಂಕೇತಗಳ ಜಾಗವನ್ನು ಇವಕ್ಕೆ ಕೊಡಿ, ಉಳಿದ ಅಪರೂಪದವುಗಳಿಗೆ ಒಂದು ಎಸ್ಕೇಪ್ ಸಂಕೇತ (ಮುಂದಿನದು ಮೂಲ ರೂಪದಲ್ಲೇ ಇದೆ ಎನ್ನುವ ಗುರುತು) ಇಡಿ. ದಯವಿಟ್ಟು ಯಾವುದನ್ನೂ ಬಿಸಾಡಬೇಡಿ. ಮರಳಿ ಬಿಚ್ಚಿದಾಗ ಪದ ಇದ್ದ ಹಾಗೆಯೇ ಬರಬೇಕು.

ಹಫ್‌ಮನ್‌ಗೆ ಹೀಪ್ (ಅತಿ ಚಿಕ್ಕದನ್ನು ಬೇಗ ಎತ್ತಿಕೊಡುವ ರಚನೆ) ಇದ್ದರೂ ಸರಿ, ಇಲ್ಲದಿದ್ದರೂ ಸರಿ. 256 ಸಂಕೇತಗಳ ಟ್ರೀಯಲ್ಲಿ ಹೆಚ್ಚೆಂದರೆ 511 ನೋಡ್. ಪಾಯಿಂಟರ್ ಬಿಟ್ಟು ಅರೇಯಲ್ಲೇ ಇಡಿ. ಬಿಚ್ಚುವ ಪ್ರೋಗ್ರಾಂಗೆ ಹ್ಯಾಶ್ ಟೇಬಲ್ ಬೇಕಾಗಿಯೇ ಇಲ್ಲ, ಕಿಟಕಿಯ ಬಫರ್ ಮತ್ತು ಹಫ್‌ಮನ್ ಕೋಡ್‌ಗಳ ಕೋಷ್ಟಕವಿದ್ದರೆ ಸಾಕು.